ಎರಡು ಬೆರಳು ಮೇಲೆದ್ದ ಊರು

“ಅತ್ತೆ, ಕಾಲು ತೆಗೀರಿ. ಊರಿನ ಮೇಲೆ ಇಟ್ಟಿದೀರಿ.”

ಗಾಬರಿಯಾಗಿ ಕಾಲೆತ್ತಿದೆ. ಕೈಯಲ್ಲಿದ್ದ ಚಹಾ ಅರ್ಧ ತಟ್ಟೆಗೆ ಚೆಲ್ಲಿತು. ನಡುಮನೆಯ ನೆಲದ ತುಂಬ ನಮ್ಮ ಊರೇ ಹಾಸಿಕೊಂಡಿತ್ತು. ಗೋಡೆಯಿಂದ ಗೋಡೆಗೆ ಒಂದೇ ನಕ್ಷೆ. ಕೆಂಪು, ಹಳದಿ, ಹಸಿರು, ನೀಲಿ ಪಟ್ಟೆಗಳು ಗುಡ್ಡವನ್ನು ಸುತ್ತಿಕೊಂಡು ಬಂದು ನದಿಯ ಪಕ್ಕದಲ್ಲಿ ಸಡಿಲವಾಗಿ ಹರಡಿದ್ದವು. ನನ್ನ ಸೊಸೆ ಅದರ ನಡುವೆ ಮಂಡಿಯೂರಿ, ಭೂತಗನ್ನಡಿ ಹಿಡಿದುಕೊಂಡು ಕೂತಿದ್ದಳು.

“ನಕ್ಷೆ ಹಾಸೋಕೆ ನಿಂಗೆ ನಡುಮನೇನೇ ಬೇಕಿತ್ತಾ? ನಾನು ಎಲ್ಲಿ ಕೂತು ಚಹಾ ಕುಡೀಲಿ?”

“ನಿಂತ್ಕೊಂಡು ಕುಡೀರಿ. ಮಂಡಿಗೆ ಒಳ್ಳೇದು ಅಂತ ಬೀದಿಗೆಲ್ಲ ಹೇಳ್ಕೊಂಡು ಬರ್ತೀರಲ್ಲ.”

ನೋಡಿದಿರಾ ಬಾಯಿ! ಇವಳು ಪತ್ತೇದಾರಿ ಕೆಲಸ ಮಾಡುತ್ತಾಳೆ. ನಾನು ಮಕ್ಕಳ ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಆಗಿದ್ದು ನಿವೃತ್ತಳಾದ ಮೇಲೆ ಇವಳ ಹಿಂದೆ ಸುತ್ತುತ್ತೇನೆ. ಬಿಳಿಗೂದಲಿನ ಹೆಂಗಸು ಪಕ್ಕದಲ್ಲಿದ್ದರೆ ಜನ ಬೇಗ ಬಾಯಿ ಬಿಡುತ್ತಾರೆ ಎಂಬುದು ಇವಳ ಲೆಕ್ಕ. ಮನೆಯಲ್ಲಿ ಕೂತು ಗೋಡೆ ನೋಡುವುದಕ್ಕಿಂತ ಇದು ವಾಸಿ ಎಂಬುದು ನನ್ನ ಲೆಕ್ಕ. ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗಿದೆ, ಆದರೆ ಅದನ್ನು ಅವಳ ಮುಂದೆ ಹೇಳುವ ಪೈಕಿ ನಾನಲ್ಲ.

ನಮ್ಮ ಕಕ್ಷಿದಾರರು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಭೂನಕ್ಷೆ ಕಚೇರಿಯಲ್ಲಿ ರೇಡಾರ್ ನಕ್ಷೆ ತಯಾರಿಸುವಾಕೆ. ಬಣ್ಣಬಣ್ಣದ ಪಟ್ಟೆಗಳ ಜೊತೆಗೇ ಅವರ ಬದುಕು ಕಳೆದಿದ್ದರಿಂದ ಎಲ್ಲರೂ ಅವರನ್ನು ಪಟ್ಟೆ ಮೇಡಂ ಎನ್ನುತ್ತಿದ್ದರು. ಕೊಟ್ಟ ಚಹಾ ಅವರ ಕೈಯಲ್ಲೇ ತಣ್ಣಗಾಗಿತ್ತು.

ಕಚೇರಿಯ ಕಂಪ್ಯೂಟರಿಗೆ ಯಾರೂ ಕೈ ಹಾಕಿಲ್ಲ ಎಂಬುದು ಹಿಂದಿನ ದಿನವಷ್ಟೇ ನಮಗೆ ಖಚಿತವಾಗಿತ್ತು. ಆದರೂ ನಕ್ಷೆ ಮಾತ್ರ ಯಾರೂ ನಂಬದಂಥ ಮಾತು ಹೇಳುತ್ತಿತ್ತು. ಒಂದೇ ವರ್ಷದಲ್ಲಿ ಇಡೀ ಊರು ಎರಡು ಬೆರಳು ಮೇಲೆದ್ದಿದೆಯಂತೆ!

“ಇವತ್ತು ಮಧ್ಯಾಹ್ನ ವಿಚಾರಣೆ,” ಎಂದರು ಪಟ್ಟೆ ಮೇಡಂ. “ನಾನು ಕೆಲಸಾನೇ ಮಾಡದೆ, ಕೂತಲ್ಲೇ ಬಣ್ಣ ಬಳಿದು ಕೊಟ್ಟೆ ಅಂತ ನಮ್ಮ ನಿರ್ದೇಶಕರು ಮೇಲಿನವರಿಗೆ ಹೇಳಿದಾರೆ. ಕೆಲಸ ಹೋದ್ರೆ ಇನ್ನೊಂದು ಸಿಗಬಹುದಮ್ಮ. ಸುಳ್ಳು ನಕ್ಷೆ ಮಾಡಿದವಳು ಅನ್ನೋ ಹೆಸರು ಬಂದ್ರೆ ಸಾಯೋವರೆಗೂ ಹೋಗಲ್ಲ.”

ಅವರು ಸೆರಗಿನಿಂದ ಕಣ್ಣು ಒತ್ತಿಕೊಂಡರು. ಲೋಟ ಕಿತ್ತುಕೊಂಡು ಬಿಸಿ ಚಹಾ ಬಗ್ಗಿಸಿಕೊಟ್ಟೆ.

“ಮೊದಲು ಇದನ್ನ ಕುಡೀರಿ. ಅಳೋದು ಏನಿದ್ರೂ ಆಮೇಲೆ.”

ಸೊಸೆ ತಲೆಯೆತ್ತಲಿಲ್ಲ. “ಮೇಡಂ, ಈ ಪಟ್ಟೆ ಹೇಗೆ ಬರುತ್ತೆ ಇನ್ನೊಂದ್ಸಲ ಹೇಳಿ. ಅತ್ತೆಗೆ ಅರ್ಥ ಆಗೋ ಹಾಗೆ.”

“ನಂಗೇ ಯಾಕೆ? ನಿಂಗೂ ಅರ್ಥ ಆಗಿಲ್ಲ ಅನ್ನು.”

ಪಟ್ಟೆ ಮೇಡಂ ಮುಖದಲ್ಲಿ ಅಂದು ಮೊದಲ ಸಲ ನಗು ಕಂಡಿತು. ಕೆಲಸದ ಮಾತು ಬಂದರೆ ಆಕೆಗೆ ಹುರುಪು.

“ಉಪಗ್ರಹ ಮೇಲಿಂದ ಹೋಗ್ತಾ ರೇಡಾರ್ ಅಲೆ ಕಳಿಸುತ್ತೆ. ಅದು ನೆಲಕ್ಕೆ ಬಡಿದು ವಾಪಸ್ ಬರುತ್ತೆ. ಇನ್ನೊಂದು ದಿನ ಅದೇ ದಾರೀಲಿ, ಒಂಚೂರು ಪಕ್ಕದಿಂದ, ಮತ್ತೆ ಹಾಗೇ ಮಾಡುತ್ತೆ. ಎರಡು ಸಲದ ಅಲೆಗಳನ್ನ ಒಂದರ ಜೊತೆ ಒಂದು ಹೊಂದಿಸಿ ನೋಡಿದ್ರೆ, ಎಲ್ಲೆಲ್ಲಿ ಎಷ್ಟೆಷ್ಟು ಹಿಂದೆ ಮುಂದೆ ಆಗಿದೆ ಅಂತ ಗೊತ್ತಾಗುತ್ತೆ. ಆ ವ್ಯತ್ಯಾಸಾನೇ ಈ ಪಟ್ಟೆ. ಪಟ್ಟೆ ಎಣಿಸ್ತಾ ಹೋದ್ರೆ ಗುಡ್ಡದ ಎತ್ತರ ಸಿಗುತ್ತೆ.”

“ಒಂದೇ ಕಣ್ಣಲ್ಲಿ ನೋಡೋದಕ್ಕೂ ಎರಡು ಕಣ್ಣಲ್ಲಿ ನೋಡೋದಕ್ಕೂ ಇರೋ ವ್ಯತ್ಯಾಸ,” ಎಂದೆ ನಾನು.

“ಹಾಂ, ಅಷ್ಟೇ ಅಮ್ಮ! ಆ ಎತ್ತರಾನ ಲೆಕ್ಕದಿಂದ ಕಳೆದುಬಿಟ್ರೆ, ಉಳಿಯೋದು ಎರಡು ಸಲದ ಮಧ್ಯೆ ನೆಲ ಎಷ್ಟು ಕದಲಿದೆ ಅನ್ನೋದು. ಈ ನಕ್ಷೇಲಿ ಎತ್ತರದ ಜೊತೆ ಅದೂ ಕಾಣುತ್ತೆ.”

ಸೊಸೆ ಭೂತಗನ್ನಡಿಯನ್ನು ಗುಡ್ಡದ ಮೇಲಿಟ್ಟಳು. “ಗುಡ್ಡ ಎದ್ದಿದೆಯಾ?”

“ಎದ್ದಿದೆ.”

“ಹಳೆ ಸೇತುವೆ?”

“ಅದೂ ಎದ್ದಿದೆ.”

“ರೈಲು ನಿಲ್ದಾಣ? ನಮ್ಮನೆ?”

“ಎಲ್ಲ ಅಷ್ಟಷ್ಟೇ, ಎರಡು ಬೆರಳು. ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿ ಇಲ್ಲ. ಅದಕ್ಕೇ ಯಾರೂ ನಂಬ್ತಿಲ್ಲ.”

“ಹಾಗಾದ್ರೆ ಏಳದೇ ಇರೋದು ಯಾವುದು?”

ಪಟ್ಟೆ ಮೇಡಂ ಬಗ್ಗಿ, ನಕ್ಷೆಯ ನಡುವೆ ಹೊಳೆಯುತ್ತಿದ್ದ ಒಂದು ಬಿಳಿ ಚುಕ್ಕಿ ತೋರಿಸಿದರು. “ಇದು ನಮ್ಮ ಸೊನ್ನೆ. ಕಚೇರಿ ತಾರಸಿ ಮೇಲೆ ಮೂರು ಲೋಹದ ತಗಡು ಸೇರಿಸಿ, ಕೋಣೆಯ ಮೂಲೆ ಇರುತ್ತಲ್ಲ ಹಾಗೆ ಮಾಡಿ ನಿಲ್ಲಿಸಿದೀವಿ. ಅದರೊಳಗೆ ಬಿದ್ದ ಅಲೆ ಬಂದ ದಾರೀಲೇ ವಾಪಸ್ ಹೋಗುತ್ತೆ. ಅದರ ಹೊಳಪಿಗೆ ನಮ್ಮ ಕಟ್ಟಡ ಕೂಡ ನಕ್ಷೇಲಿ ಕಾಣಲ್ಲ. ಊರಿನ ಮಿಕ್ಕ ಎಲ್ಲದರ ಏರಿಳಿತ ಅಲ್ಲಿಂದಾನೇ ಅಳೆಯೋದು.”

“ಅದು ಕದಲಿಲ್ಲ ಅಂತ ಯಾರು ಹೇಳಿದ್ದು?”

“ಅದು ಸೊನ್ನೆ ಮೇಡಂ. ಬಂಡೆ ಮೇಲೆ ಕಟ್ಟಿರೋ ಕಟ್ಟಡ. ನಾನು ಕೆಲಸಕ್ಕೆ ಸೇರೋಕೆ ಮುಂಚಿನಿಂದ ಅಲ್ಲೇ ಇದೆ. ಸೊನ್ನೆ ಎಲ್ಲಾದ್ರೂ ಇಳಿ—”

ಆಕೆ ನಾಲಿಗೆ ಕಚ್ಚಿಕೊಂಡರು. ಲೋಟ ಕೆಳಗಿಟ್ಟು ಎರಡೂ ಕೈ ಬಾಯಿಗೆ ಅಡ್ಡ ಹಿಡಿದರು.

“ಊರು ಎದ್ದಿಲ್ಲ,” ಎಂದಳು ಸೊಸೆ ನಿಧಾನವಾಗಿ. “ನಿಮ್ಮ ಸೊನ್ನೆ ಕೆಳಗಿಳಿದಿದೆ.”

ನನಗೆ ನಗು ತಡೆಯಲಾಗಲಿಲ್ಲ. “ನಮ್ಮ ವಾರ್ಡಲ್ಲಿ ಒಂದಿನ ಎಲ್ಲಾ ಮಕ್ಕಳಿಗೂ ಒಂದೇ ಸಮ ಜ್ವರ ಬಂದಿತ್ತು. ಡಾಕ್ಟರು ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರು. ಥರ್ಮಾಮೀಟರ್ ಬದಲಾಯಿಸಿದ ಕೂಡ್ಲೇ ಎಲ್ಲಾ ಮಕ್ಕಳೂ ಗುಣ ಆದ್ರು!”

ಪಟ್ಟೆ ಮೇಡಂ ನಗುತ್ತಲೂ ಇದ್ದರು, ಕಣ್ಣು ಒರೆಸಿಕೊಳ್ಳುತ್ತಲೂ ಇದ್ದರು. “ನಮ್ಮಲ್ಲಿ ಯಾರಿಗೂ ಇದು ಹೊಳೀಲೇ ಇಲ್ಲ ನೋಡಿ. ಊರೆಲ್ಲ ಅನುಮಾನದಿಂದ ನೋಡ್ತೀವಿ, ನಾವು ನಿಂತಿರೋ ಜಾಗ ಬಿಟ್ಟು. ತಾರಸಿಗೆ ಹೋಗಿ ಒಂದ್ಸಲ ನೋಡಿದ್ರೂ ಸಾಕಿತ್ತು. ಆದ್ರೆ ಅಲ್ಲಿಗೆ ಬೀಗ ಹಾಕಿದಾರೆ.”

ಸೊಸೆಯ ಕಿವಿ ನಿಮಿರಿತು. “ಯಾರು ಹಾಕಿದ್ದು?”

“ನಿರ್ದೇಶಕರು. ಸೋರುತ್ತೆ, ರಿಪೇರಿ ಇದೆ ಅಂತ. ಬೀಗದ ಕೈ ಅವರ ಜೇಬಲ್ಲೇ ಇರುತ್ತೆ.”

ಅವಳು ಎದ್ದು ನಿಂತು ನಕ್ಷೆ ಸುತ್ತತೊಡಗಿದಳು. ಅವಳ ಮುಖದಲ್ಲಿ ಆ ಕಳೆ ಬಂದರೆ ನಾನು ಸುಮ್ಮನೆ ಚಪ್ಪಲಿ ಹುಡುಕುತ್ತೇನೆ.

ಕಚೇರಿಗೆ ಹೊರಟ ಬಸ್ಸು ನನ್ನ ಮಗನದೇ. ಅವನು ನಗರ ಸಾರಿಗೆಯ ಚಾಲಕ. ನಾವು ಮೂವರು ಹತ್ತಿದ್ದನ್ನು ಕನ್ನಡಿಯಲ್ಲಿ ನೋಡಿ, “ಟಿಕೆಟ್ ತಗೊಳ್ಳೀಮ್ಮ, ಹೆತ್ತವಳು ಅಂತ ರಿಯಾಯಿತಿ ಇಲ್ಲ,” ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಕೂಗಿದ. ಜನ ನಕ್ಕರು. ಹೆಂಡತಿಗೆ ಮಾತ್ರ ಕಿಟಕಿ ಪಕ್ಕದ ಸೀಟು ತೋರಿಸಿದ. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಿಸಿಲು ಹಿತವಾಗಿತ್ತು, ಕೆಲಸವಿತ್ತು, ಪಕ್ಕದಲ್ಲಿ ನನ್ನವರಿದ್ದರು.

ಕಚೇರಿಯ ಮೆಟ್ಟಿಲ ಬಳಿಯೇ, ನಾವು ಗಡಿಬಿಡಿ ಎಂದು ಅಡ್ಡಹೆಸರಿಟ್ಟಿದ್ದವನು ಸಿಕ್ಕಿದ. ಪಟ್ಟೆ ಮೇಡಂ ಜೊತೆ ಕೆಲಸ ಮಾಡುವವನು. ಆಕೆ ಹೋದರೆ ಆ ಕುರ್ಚಿ ಅವನಿಗೆ. ಅದಕ್ಕೇ ಅವನ ಮೇಲೆ ನನಗೆ ಮೊದಲಿಂದ ಕಣ್ಣು. ಆದರೆ ಒಂದು ಫೈಲು ಎತ್ತಿಕೊಳ್ಳಲು ಹೋಗಿ ಎರಡು ಬೀಳಿಸುವವನು ಅಷ್ಟು ನಾಜೂಕಾದ ಮೋಸ ಹೇಗೆ ಮಾಡಿಯಾನು ಎಂಬ ಅನುಮಾನವೂ ಇತ್ತು.

“ತಾರಸಿ ರಿಪೇರಿ ಎಲ್ಲಿಗೆ ಬಂತಪ್ಪ?” ಎಂದು ಲೋಕಾಭಿರಾಮವಾಗಿ ಕೇಳಿದೆ.

“ರಿಪೇರಿನಾ?” ಅವನು ಕಣ್ಣು ಕಣ್ಣು ಬಿಟ್ಟ. “ಗಾರೆಯವರು ಯಾರೂ ಬಂದೇ ಇಲ್ಲಮ್ಮ. ಸಾಹೇಬ್ರೇ ದಿನಾ ಬೆಳಿಗ್ಗೆ ಬಕೆಟ್ ತುಂಬಿಸ್ಕೊಂಡು ಮೇಲೆ ಹೋಗ್ತಾರೆ. ಬರೋವಾಗ ಬಕೆಟ್ ಖಾಲಿ.”

“ನೀನು ಕೇಳಲಿಲ್ವಾ?”

“ಅವ್ರನ್ನ ಕೇಳೋದಾ? ಅಯ್ಯಪ್ಪಾ!”

ಸೊಸೆ ಪಟ್ಟೆ ಮೇಡಂ ಕಡೆ ತಿರುಗಿದಳು. “ಹೋದ ವರ್ಷದ ಮೂಲ ಚಿತ್ರ ಎಲ್ಲಿದೆ? ವಿಚಾರಣೆಯವರಿಗೆ ಎರಡನ್ನೂ ಪಕ್ಕಪಕ್ಕ ತೋರಿಸಬೇಕು.”

“ನೆಲಮಾಳಿಗೇಲಿ. ಹಳೇದೆಲ್ಲ ಅಲ್ಲೇ ಇಡೋದು.”

“ನೀವು ಅದನ್ನ ತಗೊಂಡು ಬನ್ನಿ. ಅಷ್ಟರಲ್ಲಿ ನಾವು ಮೇಲೆ ಹೋಗಿ ಬರ್ತೀವಿ.”

ಆಕೆ ಕೆಳಗಿನ ಮೆಟ್ಟಿಲು ಹಿಡಿದರು. ಬೆಳಿಗ್ಗೆ ನಮ್ಮ ಮನೆಗೆ ಕಾಲೆಳೆದುಕೊಂಡು ಬಂದವರು ಈಗ ಹುಡುಗಿಯ ಹಾಗೆ ಇಳಿದುಹೋದರು. ನೋಡಿ ನನಗೆ ಖುಷಿಯಾಯಿತು.

ನಿರ್ದೇಶಕರು ತಮ್ಮ ಕೋಣೆಯಲ್ಲಿ ವಿಚಾರಣೆಗೆ ಸಿದ್ಧರಾಗಿ ಕೂತಿದ್ದರು. ಇಸ್ತ್ರಿ ಮುರಿಯದ ಅಂಗಿ, ಬಾಚಿ ಕೂರಿಸಿದ ಕೂದಲು, ಮೇಜಿನ ಮೇಲೆ ಒಂದು ಧೂಳಿನ ಕಣವಿಲ್ಲ. ಆದರೆ ನರ್ಸಿನ ಕಣ್ಣು ಮೊದಲು ಹೋಗುವುದು ಉಗುರಿಗೆ. ಅವರ ಉಗುರಿನ ಸಂದಿಯಲ್ಲಿ ಕಪ್ಪು ಮಣ್ಣಿತ್ತು.

“ತಾರಸಿ ನೋಡಬೇಕಿತ್ತು ಸಾರ್,” ಎಂದಳು ಸೊಸೆ.

“ಸಾಧ್ಯವಿಲ್ಲ. ರಿಪೇರಿ ನಡೀತಿದೆ.”

“ಗಾರೆ ಕೆಲಸದವರು ಯಾರು?”

“ಅದು ಕಚೇರಿಯ ಒಳಗಿನ ವಿಷಯ. ನೀವು ಇದರಲ್ಲೆಲ್ಲ ಮೂಗು ತೂರಿಸಬಾರದು.”

“ಸರಿ ಸಾರ್. ವಿಚಾರಣೆಗೆ ಬರೋರನ್ನೇ ಮೇಲೆ ಕರ್ಕೊಂಡು ಹೋಗೋಣ. ಬೀಗ ಅವ್ರೇ ತೆಗೆಸ್ತಾರೆ.”

ನಿರ್ದೇಶಕರ ಹಣೆಯಲ್ಲಿ ಬೆವರು ಮೂಡಿತು. ಕರವಸ್ತ್ರ ತೆಗೆಯಲು ಜೇಬಿಗೆ ಕೈ ಹಾಕಿದರು. ಅದರ ಜೊತೆಗೆ ಬೀಗದ ಕೈಯೂ ಹೊರಬಂದು ನೆಲಕ್ಕೆ ಬಿತ್ತು. ನಾನು ತಡಮಾಡದೆ ಎತ್ತಿಕೊಂಡೆ.

“ನಡೀರಿ ಸಾರ್, ಗಾಳಿಗೆ ಹೋಗಿ ಬರೋಣ. ನಿಮ್ಮ ಬಣ್ಣಾನೇ ಸರಿ ಇಲ್ಲ.”

ತಾರಸಿಯ ಬಾಗಿಲು ತೆರೆದಾಗ ನಾನು ಬಂದ ಕೆಲಸವನ್ನೇ ಮರೆತೆ. ಗುಲಾಬಿ! ಎಲ್ಲಿ ನೋಡಿದರೂ ಗುಲಾಬಿ. ಕೆಂಪು, ಹಳದಿ, ಬಿಳಿ, ಮತ್ತೆ ಹೆಸರೇ ಗೊತ್ತಿಲ್ಲದ ಒಂದು ಬಣ್ಣ. ಕುಂಡಗಳು ಗೋಡೆಯ ಉದ್ದಕ್ಕೂ ಸಾಲಾಗಿದ್ದವು. ಅವುಗಳ ನಡುವೆ ಆ ಲೋಹದ ಮೂಲೆ ಬಾಯಿ ತೆರೆದುಕೊಂಡು ಆಕಾಶ ನೋಡುತ್ತಿತ್ತು.

“ಅಯ್ಯೋ, ಎಷ್ಟು ಚೆನ್ನಾಗಿ ಬೆಳೆಸಿದೀರಿ!” ಎಂದು ಬಾಯಿತಪ್ಪಿ ಹೇಳಿಬಿಟ್ಟೆ. ಸೊಸೆ ಕಣ್ಣು ಕೆಕ್ಕರಿಸಿದಳು.

ನಿರ್ದೇಶಕರು ಕಕ್ಕಾಬಿಕ್ಕಿಯಾಗಿ ನಿಂತಿದ್ದರು. ಆಮೇಲೆ ಬೋರಲು ಹಾಕಿದ್ದ ಬಕೆಟಿನ ಮೇಲೆ ಕುಸಿದರು.

“ಮನೇಲಿ ಜಾಗ ಇಲ್ಲಮ್ಮ. ಇರೋದು ಒಂದೇ ಕಿಟಕಿ, ಅದಕ್ಕೂ ಬಿಸಿಲು ಬೀಳಲ್ಲ. ಇಲ್ಲಿ ಏನೂ ಇಡಬಾರದು ಅಂತ ನಿಯಮ. ಆ ನಿಯಮ ಬರೆದವನೂ ನಾನೇ. ಮೊದಲು ಒಂದೇ ಕುಂಡ ತಂದಿದ್ದೆ.”

“ಲೋಹದ ಮೂಲೆ ಮುಟ್ಟಿದ್ರಾ?” ಸೊಸೆಯ ದನಿ ಮೆತ್ತಗಾಗಲಿಲ್ಲ.

ಅವರು ತಲೆ ತಗ್ಗಿಸಿದರು. “ಕುಂಡದ ನೀರು ಹರಿದು ಅದರ ಬುಡದಲ್ಲಿ ನಿಲ್ತಿತ್ತು. ತುಕ್ಕು ಹಿಡಿಯುತ್ತೆ ಅಂತ ತಿರುಪುಮೊಳೆ ಬಿಚ್ಚಿ, ಒಂದು ಹಲಗೆ ಕೊಟ್ಟು, ಅದೇ ಜಾಗದಲ್ಲಿ ಮತ್ತೆ ಕೂರಿಸಿದೆ. ಇದು ಹೋದ ವರ್ಷದ ಚಿತ್ರ ತೆಗೆದ ಮೇಲೆ.”

“ಸೊನ್ನೆ ಕದಲಿಸಿದ್ದು ನೀವು. ಅದು ಗೊತ್ತಿದ್ದೂ ಆಕೆ ಮೇಲೆ ಹೊರಿಸಿದ್ರಿ.”

“ಮೊದಲು ಗೊತ್ತಿರಲಿಲ್ಲ. ಆಮೇಲೆ ಅನುಮಾನ ಬಂತು. ಬಾಯಿ ಬಿಟ್ರೆ ಇದೆಲ್ಲ ಹೊರಗೆ ಬರುತ್ತಲ್ಲ...”

ಗುಲಾಬಿಯ ಮೇಲಿದ್ದ ನನ್ನ ಮೆಚ್ಚುಗೆಯೆಲ್ಲ ಇಳಿದುಹೋಯಿತು. “ನಾಚಿಕೆ ಆಗಲ್ವಾ ನಿಮಗೆ? ಹೂವು ಬಾಡುತ್ತೆ ಅಂತ ದಿನಾ ನೀರು ಹೊತ್ತು ತರೋರಿಗೆ, ಆ ಹೆಂಗಸು ಬಾಡಿಹೋಗಿದ್ದು ಕಾಣ್ಲಿಲ್ವಾ? ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಆಕೆ. ಮನೆಗೆ ಬಂದು ಒಂದು ಲೋಟ ಚಹಾ ಕುಡಿಯೋಕಾಗದೆ ಕೂತಿದ್ರು. ದೊಡ್ಡ ಮನುಷ್ಯರಂತೆ!”

ಅವರ ಕಣ್ಣಲ್ಲಿ ನೀರು ತುಂಬಿತ್ತು. “ಒಪ್ಕೋತೀನಮ್ಮ. ವಿಚಾರಣೆಯವರ ಮುಂದೆ ನಾನೇ ಹೇಳ್ತೀನಿ. ಅವರ ಕ್ಷಮೆ ಕೇಳ್ತೀನಿ. ಕುಂಡ ಎಲ್ಲ ಇವತ್ತೇ ತೆಗೀತೀನಿ.”

ನನ್ನ ಹೊಟ್ಟೆಯಲ್ಲಿ ಹಾಲು ಹೊಯ್ದ ಹಾಗಾಯಿತು. ಪಟ್ಟೆ ಮೇಡಂ ಹೆಸರು ಉಳಿಯಿತು. ಮಧ್ಯಾಹ್ನಕ್ಕೆಲ್ಲ ಕೆಲಸ ಮುಗಿದೀತು, ಮಗನ ಬಸ್ಸಿನಲ್ಲೇ ವಾಪಸ್ ಹೋಗಬಹುದು ಎಂದುಕೊಂಡೆ. ಒಂದೆರಡು ಕುಂಡ ನಮ್ಮ ಮನೆಗೆ ಕೇಳಿದರೆ ತಪ್ಪಾಗುತ್ತದೆಯೇ ಎಂಬ ಯೋಚನೆಯೂ ಬಂತು.

ಸೊಸೆ ಮಾತ್ರ ಲೋಹದ ಮೂಲೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಹಲಗೆಯ ಪಕ್ಕ ಬೆರಳಿಟ್ಟು ನೋಡುತ್ತಿದ್ದಳು.

“ಸಾರ್, ಈ ಹಲಗೆ ಕೊಟ್ಟಿದ್ದು ಇದರ ಕೆಳಗೆ ಅಲ್ವಾ?”

“ಹೌದು. ಒಂದು ಬೆರಳು ದಪ್ಪ ಇರಬಹುದು.”

“ಅಂದ್ರೆ ಸೊನ್ನೆ ಮೇಲೆ ಹೋಯ್ತು. ಕೆಳಗೆ ಬರಲಿಲ್ಲ.”

“ಏನೋ ಒಂದು, ಕದಲಿತಲ್ಲ!” ಎಂದೆ ನಾನು. “ಏಳೇ, ಹೋಗಿ ಮೇಡಂಗೆ ಹೇಳೋಣ.”

“ಅತ್ತೆ, ನೀವು ಸ್ಟೂಲ್ ಹತ್ತಿ ನನ್ನ ನೋಡಿದ್ರೆ ನಾನು ಎತ್ತರ ಕಾಣ್ತೀನಾ, ಗಿಡ್ಡ ಕಾಣ್ತೀನಾ?”

“ಗಿಡ್ಡ. ಹತ್ತದಿದ್ರೂ ಗಿಡ್ಡಾನೇ.”

ಅವಳು ನಗಲಿಲ್ಲ. “ಸೊನ್ನೆ ಒಂದು ಬೆರಳು ಮೇಲೆ ಹೋದ್ರೆ ಊರು ಒಂದು ಬೆರಳು ತಗ್ಗಿದ ಹಾಗೆ ಕಾಣಬೇಕಿತ್ತು. ಆದ್ರೆ ನಕ್ಷೇಲಿ ಊರು ಎರಡು ಬೆರಳು ಎದ್ದಿದೆ.”

ನನಗೆ ಅರ್ಥವಾಗುವ ಮೊದಲೇ ನಿರ್ದೇಶಕರಿಗೆ ಆಯಿತು. ಎಷ್ಟೆಂದರೂ ಅವರೂ ನಕ್ಷೆಯವರೇ. ಬಕೆಟಿನ ಮೇಲಿಂದ ಎದ್ದವರು ಎರಡೂ ಪಾದಗಳ ನಡುವಿನ ನೆಲವನ್ನೇ ನೋಡಿದರು.

“ಮೂರು ಬೆರಳು,” ಎಂದರು. “ಈ ಕಟ್ಟಡ ಮೂರು ಬೆರಳು ಕೆಳಗೆ ಹೋಗಿದೆ. ಹಲಗೆ ಇದ್ದಿದ್ದಕ್ಕೆ ಎರಡು ಅಂತ ಕಂಡಿದೆ.”

“ಬಂಡೆ ಮೇಲೆ ಕಟ್ಟಿದ್ದು ಅಂತ ಪಟ್ಟೆ ಮೇಡಂ ಅಂದಿದ್ರಲ್ಲ?” ಎಂದೆ ನಾನು.

“ಬಂಡೆನೇ. ಬಂಡೆ ತಾನಾಗಿ ಇಳಿಯಲ್ಲಮ್ಮ.”

ಸೊಸೆ ಆಗಲೇ ಬಾಗಿಲು ದಾಟಿದ್ದಳು. ಆಗ ನನಗೂ ಹೊಳೆಯಿತು. ಈ ಕಟ್ಟಡದ ತೀರ ಕೆಳಗೆ, ನೆಲಮಾಳಿಗೆಯಲ್ಲಿ, ಪಟ್ಟೆ ಮೇಡಂ ಇದ್ದಾರೆ. ಅಲ್ಲಿಗೆ ಕಳಿಸಿದ್ದು ನಾವೇ!

ಮಂಡಿನೋವು ಎಲ್ಲಿ ಹೋಯಿತೋ ಕಾಣೆ, ನಾನೂ ಮೆಟ್ಟಿಲು ಇಳಿದೆ. ನೆಲಮಾಳಿಗೆಯ ಬಾಗಿಲ ಮುಂದೆ ಗಡಿಬಿಡಿ ಬೆವರಿನಲ್ಲಿ ತೊಯ್ದುಹೋಗಿದ್ದ. ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಕಾಲನ್ನು ಗೋಡೆಗೆ ಕೊಟ್ಟು ಎಳೆಯುತ್ತಿದ್ದ.

“ಮೇಡಂ ಒಳಗಿದಾರೆ. ಬಾಗಿಲು ಚೌಕಟ್ಟಿಗೆ ಕಚ್ಕೊಂಡಿದೆ. ಬೀಗ ಹಾಕಿಲ್ಲ, ಆದ್ರೂ ಬರ್ತಿಲ್ಲ!”

ನಿರ್ದೇಶಕರೂ ಬಂದು ಕೈ ಹಚ್ಚಿದರು. ಇಸ್ತ್ರಿಯ ಅಂಗಿ ಕಂಕುಳಲ್ಲಿ ಹರಿಯಿತು. ಬಾಗಿಲು ಕೂದಲೆಳೆಯಷ್ಟೂ ಕದಲಲಿಲ್ಲ.

ಸೊಸೆ ಬಾಗಿಲಿಗೆ ಬಾಯಿ ಹಚ್ಚಿ ಗಟ್ಟಿಯಾಗಿ ಕೂಗಿದಳು. “ಮೇಡಂ! ಕೇಳಿಸ್ತಿದೆಯಾ? ನಿಮ್ಮ ನಕ್ಷೆ ಸರಿ ಇದೆ. ಸಾಹೇಬ್ರು ಎಲ್ಲ ಒಪ್ಕೊಂಡಿದಾರೆ. ನಿಮ್ಮ ಹೆಸರಿಗೆ ಏನೂ ಆಗಲ್ಲ. ಹೆದರಬೇಡಿ, ಬಾಗಿಲು ಒಡೀತೀವಿ!”

ಕೂಗಿ, ಬಾಗಿಲಿಗೆ ಕಿವಿ ಹಚ್ಚಿದಳು.

“ಮೇಡಂ!” ಎಂದು ನಾನೂ ಕೂಗಿದೆ.

ಆಗ ಬಾಗಿಲಿನ ಆಚೆ, ತೀರ ಹತ್ತಿರದಲ್ಲಿ, ಪಟ್ಟೆ ಮೇಡಂ ಪಿಸುದನಿ ಕೇಳಿಸಿತು.

“ಕೂಗಬೇಡಿ ಅಮ್ಮ, ದಮ್ಮಯ್ಯ. ನಾನು ಬಂದಾಗಿಂದ ನೆಲದ ಕೆಳಗೆ ಯಾರೋ ಕಲ್ಲು ಕಡೀತಾ ಇದ್ರು. ನೀವು ಕೂಗಿದ ಕೂಡ್ಲೇ ನಿಲ್ಲಿಸಿದ್ರು. ಈಗ ನನ್ನ ಕಾಲ ಕೆಳಗಿನ ಚಪ್ಪಡೀನ ಮೇಲಕ್ಕೆ ಎತ್ತುತ್ತಾ ಇದಾರೆ.”